ಸವತಿಯ ಪಾದ

ಮೆಕ್ನೆಸ್ ಊರಿನ ಹಳೇ ಪೇಟೆಯಲ್ಲಿ, ಬೆರ್ದಾಯಿನ್ ಹೆಬ್ಬಾಗಿಲಿನ ಒಳಗಿನ ಒಂದು ಓಣಿಯಲ್ಲಿ, ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಯಾಮ್ನಾ ಮತ್ತು ತಾಮು ಒಂದೇ ಒಲೆ ಹಂಚಿಕೊಂಡು ಬದುಕುತ್ತಿದ್ದರು. ಇಬ್ಬರಿಗೂ ಗಂಡ ಒಬ್ಬನೇ. ಉಣ್ಣೆಯ ಹಾಸಿಗೆ ಹೊಲಿಯುತ್ತಿದ್ದ ಆ ಅಲ್ಲಾಲ್ ತೀರಿಕೊಂಡು ಎಂಟೊಂಬತ್ತು ವರ್ಷಗಳಾಗಿದ್ದವು.

ತಾಮು ಅಜ್ರೂ ಬೆಟ್ಟದ ಕಡೆಯವಳು. ಯಾಮ್ನಾಳಿಗೆ ಬೂಶ್ತಾ ಎಂಬ ಒಬ್ಬ ಮಗ ಹುಟ್ಟಿದ ಮೇಲೆ ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಮನೆ ತುಂಬ ಮಕ್ಕಳಿರಲಿ ಎಂದು ಅಲ್ಲಾಲ್ ಇಪ್ಪತ್ತರ ತಾಮುವನ್ನು ಕಟ್ಟಿಕೊಂಡು ಬಂದ. ಅವಳ ಮಡಿಲು ತುಂಬಲೇ ಇಲ್ಲ. ಮೊದಮೊದಲ ವರ್ಷಗಳಲ್ಲಿ ಇಬ್ಬರ ನಡುವೆ ಆಗದ ಜಗಳವಿರಲಿಲ್ಲ. ಒಬ್ಬಳು ನಾದಿಟ್ಟ ಹಿಟ್ಟಿಗೆ ಇನ್ನೊಬ್ಬಳು ಉಪ್ಪು ಸುರಿಯುವುದು, ಒಬ್ಬಳು ಒಣಹಾಕಿದ ಬಟ್ಟೆಯ ಕೆಳಗೆ ಇನ್ನೊಬ್ಬಳು ಹೊಗೆ ಹಾಕುವುದು. ಗಂಡ ಸತ್ತ ನಲವತ್ತನೆಯ ದಿನದ ಊಟ ಮುಗಿದಾಗ, ತಾಮು ಇನ್ನು ಅಣ್ಣಂದಿರ ಮನೆ ಸೇರುತ್ತಾಳೆ ಎಂದೇ ಓಣಿಯವರೆಲ್ಲ ಅಂದುಕೊಂಡಿದ್ದರು. ತಾಮು ಗಂಟು ಕಟ್ಟಿಯೂ ಇದ್ದಳು. ಅತ್ತಿಗೆಯಂದಿರ ಮುಖಗಳು ಕಣ್ಣ ಮುಂದೆ ಬಂದು ಗಂಟಿನ ಪಕ್ಕದಲ್ಲೇ ಕೂತುಬಿಟ್ಟಳು.

ಯಾಮ್ನಾ ಬಾಗಿಲಲ್ಲಿ ನಿಂತು ನೋಡಿದಳು. "ಹೋಗೋದಾದ್ರೆ ಹೋಗು. ಇರೋದಾದ್ರೆ ಮೆಟ್ಟಿಲು ಗುಡಿಸು. ಇವತ್ತು ಸರದಿ ನಿಂದು."

ತಾಮು ಎದ್ದು ಮೆಟ್ಟಿಲು ಗುಡಿಸಿದಳು.

ಯಾಮ್ನಾ ಓಣಿಯ ಕೊನೆಯಲ್ಲಿದ್ದ ಹಮ್ಮಾಮು ಎಂಬ ಬಿಸಿನೀರ ಸ್ನಾನದ ಮನೆಯಲ್ಲಿ ಮೈ ಉಜ್ಜುವ ಕೆಲಸದವಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಬರಿಗಾಲಲ್ಲಿ ಬಿಸಿ ಕಲ್ಲಿನ ಮೇಲೆ ನಿಂತು, ಒರಟು ಕೈಗವುಸು ತೊಟ್ಟು, ಬಂದ ಹೆಂಗಸರ ಬೆನ್ನು, ತೋಳು, ತೊಡೆಗಳ ಕೊಳೆಯನ್ನು ಸುರುಳಿ ಸುರುಳಿಯಾಗಿ ಎಬ್ಬಿಸುವುದೇ ಅವಳ ಬದುಕು. ಮದುವಣಗಿತ್ತಿಯರು, ಬಾಣಂತಿಯರು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಸಕ್ಕರೆ ಕಾಯಿಲೆ ಬಂದು ಎಷ್ಟೋ ಕಾಲವಾಗಿತ್ತು. ಮಾತ್ರೆ ನುಂಗುತ್ತಿದ್ದಳು, ಮೂರು ಚಮಚ ಸಕ್ಕರೆ ಹಾಕಿದ ಪುದೀನ ಚಹಾವನ್ನೂ ಕುಡಿಯುತ್ತಿದ್ದಳು. ಪಾದಗಳು ಮರಗಟ್ಟಿದ್ದವು. ಅದು ಅವಳಿಗೆ ಜಂಬದ ವಿಷಯವಾಗಿತ್ತು. ಉಳಿದವರು ಕಾಲಿಡಲು ಹೆದರುತ್ತಿದ್ದ ಬಿಸಿನೀರ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಅವಳು ಆರಾಮವಾಗಿ ನಿಲ್ಲುತ್ತಿದ್ದಳು.

"ನನ್ನ ಪಾದಕ್ಕೆ ಬಿಸಿ ತಣ್ಣಗೆ ಅನ್ನೋ ಭೇದಭಾವ ಇಲ್ಲ ಕಣೇ. ಪುಣ್ಯ ಮಾಡಿದ ಪಾದ," ಎನ್ನುತ್ತಿದ್ದಳು.

ಹಬ್ಬದ ಹಿಂದಿನ ದಿನದ ನೂಕುನುಗ್ಗಲಿನಲ್ಲಿ ಆ ಪುಣ್ಯದ ಪಾದದ ಚರ್ಮ ಬೇಯಿಸಿದ ಟೊಮೆಟೊ ಸಿಪ್ಪೆಯಂತೆ ಬಿಟ್ಟುಕೊಂಡಿತು. ಯಾಮ್ನಾಳಿಗೆ ಗೊತ್ತೇ ಆಗಲಿಲ್ಲ. ಓಣಿಯ ತಿರುವಿನಲ್ಲಿ ಪದರ ಪದರವಾಗಿ ಮಡಿಸಿದ ರೊಟ್ಟಿ ಸುಟ್ಟು ಮಾರುತ್ತಿದ್ದ ತಾಮು ಸಂಜೆ ಹೆಂಚು ಹೊತ್ತು ಮೆಟ್ಟಿಲು ಹತ್ತುವಾಗ ಮೆಟ್ಟಿಲ ಮೇಲೆ ಒದ್ದೆ ಗುರುತು ಕಂಡಳು. ನೀರಲ್ಲ. ಮೇಲೆ ಹೋಗಿ ನೋಡಿದರೆ ಯಾಮ್ನಾ ಕಾಲು ನೀಡಿಕೊಂಡು ರೊಟ್ಟಿ ತಿನ್ನುತ್ತಿದ್ದಾಳೆ.

"ಲಾಲ್ಲಾ, ಕಾಲೆತ್ತು." ದೊಡ್ಡವಳೆಂಬ ಮರ್ಯಾದೆಗೆ ತಾಮು ಅವಳನ್ನು ಇವತ್ತಿಗೂ ಲಾಲ್ಲಾ ಎಂದೇ ಕರೆಯುತ್ತಿದ್ದಳು.

"ಯಾಕೆ? ಮುತ್ತು ಕೊಡ್ತೀಯಾ?"

"ಎತ್ತು ಅಂದೆ."

ಅಂಗಾಲು ನೋಡಿದ ತಾಮು ಹೆಂಚು ಕೆಳಗಿಟ್ಟು ಶುದ್ಧ ಬಟ್ಟೆ ಹುಡುಕಿದಳು.

ಶುರುವಿನಲ್ಲಿ ಮನೆಮದ್ದು ನಡೆಯಿತು. ಮೂಲಿಕೆ ಅಂಗಡಿಯವನು ಕೊಟ್ಟ ಪುಡಿ, ಪಕ್ಕದ ಮನೆಯವಳು ಹೇಳಿದ ಜೇನು, ಔಷಧಿ ಅಂಗಡಿಯ ಮೂರು ಬಗೆಯ ಮುಲಾಮು. ಹುಣ್ಣು ಮಾಗುವ ಬದಲು ಬಾಯಿ ಬಿಟ್ಟಿತು. ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಡಾಕ್ಟರು ಒಂದು ಕಡ್ಡಿಯಿಂದ ಹುಣ್ಣಿನ ಆಳ ನೋಡಿ, ಮುಂಪಾದ ತೆಗೆದುಬಿಡುವುದೇ ವಾಸಿ, ಬೇಗ ಮನೆಗೆ ಹೋಗಬಹುದು ಎಂದರು. ಯಾಮ್ನಾ ಅಲ್ಲೇ ಬೋರಲು ಬಿದ್ದು ಅಳತೊಡಗಿದಳು. ಯಾರ ಹೆಣ ಬಿದ್ದಾಗಲೂ ಅವಳು ಅಷ್ಟು ಅತ್ತಿದ್ದನ್ನು ತಾಮು ಕಂಡಿರಲಿಲ್ಲ.

ಕೆನಿತ್ರಾದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಬೂಶ್ತಾ ಸುದ್ದಿ ಕೇಳಿ ಓಡಿ ಬಂದ. ಒಳ್ಳೆಯ ಹುಡುಗ, ಆದರೆ ತಾಯಿಯ ವಿಷಯದಲ್ಲಿ ಊರವರ ಮಾತಿಗೆ ಹೆದರುವವನು. "ಯೆಮ್ಮಾ, ನಿನ್ನ ಕಾಲಿಗೆ ಯಾರೂ ಕತ್ತಿ ಇಡಲ್ಲ. ನಾನಿದ್ದೀನಿ," ಎಂದು ಅವಳನ್ನು ರಾಜಧಾನಿಯ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಗಾಜಿನ ಕಿಟಕಿಯಿದ್ದ ದೊಡ್ಡ ಪೀಪಾಯಿಯಂಥ ಕೊಳವೆಯೊಳಗೆ ಮಲಗಿಸಿ ಆಮ್ಲಜನಕ ತುಂಬುತ್ತಿದ್ದರು. ಹೊಸ ಎಂಜಿನ್ನಿಗೆಂದು ಬೂಶ್ತಾ ಕೂಡಿಟ್ಟದ್ದೆಲ್ಲ ಆ ಕೊಳವೆಯೊಳಗೆ ಗಾಳಿಯಾಗಿ ಹೋಯಿತು. ಮೂಗಿಗಿಂತ ಮೂಗುತಿ ಭಾರ ಎಂದು ತಾಮುವಿಗೆ ಅನಿಸಿತು, ಆದರೆ ಸವತಿಯ ಬಾಯಿಂದ ಆ ಮಾತು ಬಂದರೆ ಅದಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ ಎಂದು ಸುಮ್ಮನಿದ್ದಳು.

ಕೊಳವೆಯಲ್ಲಿ ಮಲಗಿ ಬಂದ ಮರುದಿನವೇ ಯಾಮ್ನಾ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹಮ್ಮಾಮಿಗೆ ಹೋಗುತ್ತಿದ್ದಳು. ತಾನಿಲ್ಲದಿದ್ದರೆ ತನ್ನ ಗಿರಾಕಿಗಳನ್ನು ಬೇರೆಯವರು ಹಿಡಿದುಬಿಡುತ್ತಾರೆಂಬ ದಿಗಿಲು. ಅಲ್ಲಿ ಒಂದಿಷ್ಟು ಮಾಗಿದ್ದು ಇಲ್ಲಿ ಮತ್ತೆ ಬಿರಿಯುತ್ತಿತ್ತು. ಎರಡು ತಿಂಗಳು ಕಳೆದಾಗ ಹುಣ್ಣು ಕೈಯ ಹೆಬ್ಬೆರಳು ತೂರುವಷ್ಟು ಆಳವಾಗಿತ್ತು, ಬೂಶ್ತಾನ ಕೈ ಬರಿದಾಗಿತ್ತು.

ಆಮೇಲೆ ಯಾರೋ ಹೇಳಿ, ತಾಮುವೇ ಅವಳನ್ನು ಸರ್ಕಾರಿ ಆಸ್ಪತ್ರೆಯ ಹಿಂಭಾಗದಲ್ಲಿದ್ದ ಪಾದದ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ವಿಸಾಲ್ ಎಂಬ ಹೆಂಗಸು, ಕಣ್ಣ ಕೆಳಗೆ ಕಪ್ಪು ಇಳಿದವಳು, ಮೆಲುಮಾತಿನವಳು. ಹುಣ್ಣಿನ ಸುತ್ತಲಿನ ಸತ್ತ ಚರ್ಮವನ್ನು ಚಾಕುವಿನಿಂದ ಹೆರೆದು, ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು. ವಯಸ್ಸಾದ ಹೆಂಗಸರನ್ನು ಅವರು ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು.

"ರಕ್ತ ಚೆನ್ನಾಗಿ ಓಡ್ತಿದೆ ಖಾಲ್ತಿ. ಇದು ಕಡಿಯೋ ಕಾಲಲ್ಲ. ಇದರ ಮೇಲೆ ಭಾರ ಬೀಳೋದು ನಿಲ್ಲಬೇಕು, ಅಷ್ಟೇ. ಮೊಣಕಾಲ ತನಕ ಪ್ಲಾಸ್ಟರ್ ಹಾಕ್ತೀನಿ. ವಾರಕ್ಕೊಂದು ಸಲ ಬಿಚ್ಚಿ ನೋಡಿ ಹೊಸದು ಹಾಕೋದು."

ಜೊತೆಗೆ ಬಂದಿದ್ದ ಬೂಶ್ತಾ ಕೇಳಿದ, "ಇದಕ್ಕೆಷ್ಟಾಗುತ್ತೆ ಡಾಕ್ಟ್ರೇ?"

"ನಿಮಗೇನೂ ಇಲ್ಲ. ನಮಗೂ ಹೆಚ್ಚೇನಿಲ್ಲ. ಪ್ಲಾಸ್ಟರ್ ಪುಡಿ, ಹತ್ತಿ, ಬಟ್ಟೆ."

ಬೂಶ್ತಾನಿಗೆ ಅವಮಾನವಾದಂತಿತ್ತು. "ಅಷ್ಟು ದುಡ್ಡು ಸುರಿದಿದ್ದು ಕೆಲಸ ಮಾಡಲಿಲ್ಲ, ಇಷ್ಟು ಅಗ್ಗದ್ದು ಮಾಡುತ್ತಾ?"

"ಆ ಕೊಳವೆ ಬೇಕಾದ ಕಾಲುಗಳೂ ಇವೆ ಮಗನೇ. ನಿಮ್ಮಮ್ಮನಿಗೆ ಬೇಕಾಗಿದ್ದು ಕೂತ್ಕೊಳ್ಳೋದು."

"ಎಷ್ಟು ದಿನ?" ಎಂದಳು ಯಾಮ್ನಾ.

"ಮೂರು ತಿಂಗಳು. ನಾಲ್ಕೂ ಆಗಬಹುದು."

"ಕೂತ್ಕೊಂಡು ಏನು ತಿನ್ನಲಿ? ಪ್ಲಾಸ್ಟರ್ ತಿನ್ನಲಾ?"

ಡಾಕ್ಟರು ತಾಮುವಿನ ಮುಖ ನೋಡಿದರು. ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದಾರೆಂದು ತಾಮುವಿಗೆ ಗೊತ್ತಾಯಿತು.

ಮರುದಿನದಿಂದ ತಾಮು ಯಾಮ್ನಾಳ ಕೈಗವುಸು ತೊಟ್ಟು ಹಮ್ಮಾಮಿಗೆ ಹೋಗತೊಡಗಿದಳು. ಜಾಗ ಕಾಯ್ದಿರಿಸುವುದಕ್ಕೆ ಇದೊಂದೇ ದಾರಿ ಎಂದು ಅಲ್ಲಿನ ಯಜಮಾನಿ ಲಾಲ್ಲಾ ಘೀತಾ ಕೂಡ ಒಪ್ಪಿದಳು, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಬೇಕೆಂದು ಷರತ್ತು ಹಾಕಿ. ಬೆಳಕು ಹರಿಯುವ ಮುಂಚೆ ರೊಟ್ಟಿ ಹಿಟ್ಟು ನಾದಬೇಕು, ಯಾಮ್ನಾಳನ್ನು ಮೂಲೆಯ ಬಕೆಟ್ಟಿನ ಮೇಲೆ ಕೂರಿಸಿ ಎಬ್ಬಿಸಬೇಕು, ಆ ಬಕೆಟ್ಟನ್ನು ಮೂರು ಮಹಡಿ ಇಳಿಸಬೇಕು, ಮಧ್ಯಾಹ್ನಕ್ಕೆ ಬಿಸ್ಸಾರಾ ಎಂಬ ಬೇಳೆ ಗಂಜಿ ಬೇಯಿಸಿಟ್ಟು ಓಡಬೇಕು. ಇನ್ಸುಲಿನ್ ಸೂಜಿ ಚುಚ್ಚುವುದೂ ಅವಳ ಪಾಲಿಗೇ ಬಂತು. ಹಮ್ಮಾಮಿನ ಆವಿಯಲ್ಲಿ ಬೆನ್ನ ಮೇಲೆ ಬೆನ್ನು ಉಜ್ಜಿ ಸಂಜೆ ಮನೆಗೆ ಬಂದರೆ ಬಲಭುಜ ತನ್ನದಲ್ಲವೇನೋ ಎಂಬಂತೆ ಜೋತು ಬಿದ್ದಿರುತ್ತಿತ್ತು.

ಕೂತಲ್ಲೇ ಕೂತ ಯಾಮ್ನಾಳ ನಾಲಿಗೆ ಮಾತ್ರ ಎದ್ದು ಓಡಾಡುತ್ತಿತ್ತು.

"ಬಿಸ್ಸಾರಾದಲ್ಲಿ ಜೀರಿಗೆ ಎಲ್ಲಿ?"

"ಜೀರಿಗೆ ನಿನ್ನ ಗಂಡ ತರಕ್ಕೆ ಹೋಗಿದ್ದಾನೆ."

"ನನ್ನ ಗಂಡ ಅಂತೆ. ನೀನು ಬಂದ ಮೇಲೆ ನನ್ನ ಗಂಡ ಎಲ್ಲಿದ್ದ?"

"ಹಾಸಿಗೆ ಹೊಲೀತಿದ್ದ, ಲಾಲ್ಲಾ. ಬೇರೆಯವರ ಹಾಸಿಗೆ. ತಿನ್ನು."

ವಾರಕ್ಕೊಮ್ಮೆ ಆಸ್ಪತ್ರೆಯ ಸರದಿ. ಆ ದಿನ ತಾಮುವಿನ ದುಡಿಮೆ ಪೂರ್ತಿ ಹೋಗುತ್ತಿತ್ತು. ಓಣಿಗೆ ಟ್ಯಾಕ್ಸಿ ಬಾರದು. ಪ್ಲಾಸ್ಟರ್ ಕಾಲಿನ ದಪ್ಪ ಹೆಂಗಸನ್ನು ಮೆಟ್ಟಿಲಿನಿಂದ ಇಳಿಸಿ, ತರಕಾರಿಯವನ ಕೈಗಾಡಿಯಲ್ಲಿ ಕೂರಿಸಿ ಹೆಬ್ಬಾಗಿಲವರೆಗೆ ತಳ್ಳಬೇಕು. ಯಾಮ್ನಾ ಗಾಡಿಯಲ್ಲಿ ಕೂತು ದಾರಿಯುದ್ದಕ್ಕೂ ಬಲ್ಲವರನ್ನೆಲ್ಲ ಮಾತಾಡಿಸುತ್ತಿದ್ದಳು. "ಎಲ್ಲಿಗೆ ಖಾಲ್ತಿ ಸವಾರಿ?" ಎಂದು ಅವರು ಕೇಳಿದರೆ, "ಮಾರಕ್ಕೆ ಒಯ್ತಿದ್ದಾಳೆ, ಒಳ್ಳೇ ಬೆಲೆ ಬಂದ್ರೆ ಹೇಳಿ," ಎನ್ನುತ್ತಿದ್ದಳು. ಹಿಂದೆ ಗಾಡಿ ತಳ್ಳುವವಳಿಗೆ ನಗಲೂ ಉಸಿರಿರುತ್ತಿರಲಿಲ್ಲ.

ಹಾಗೆ ಹೋದ ಒಂದು ದಿನ ಪಾದದ ಕೋಣೆಯ ಹೊರಗಿನ ಬೆಂಚಿನ ಹತ್ತಿರ ಮುನೀರ್ ಎಂಬ ನಡುವಯಸ್ಸಿನ ಗಂಡಸೊಬ್ಬ ಬಂದು ಕೂತ. ವಿಶ್ವವಿದ್ಯಾಲಯದಲ್ಲಿ ಹಣಕಾಸು ಕಲಿಸುವವನಂತೆ. ಕಾಲಿನ ಹುಣ್ಣಿಗೆ ಯಾವ ಚಿಕಿತ್ಸೆಗೆ ಎಷ್ಟು ಖರ್ಚು, ಅದರಿಂದ ರೋಗಿಗೆ ಎಷ್ಟು ಸುಖ ಎಂದು ವಿಚಾರಿಸುತ್ತಿದ್ದ. ಮುಲಾಮಿಗೆಷ್ಟು, ಕೊಳವೆಗೆಷ್ಟು, ಟ್ಯಾಕ್ಸಿಗೆಷ್ಟು ಎಂದೆಲ್ಲ ಕೇಳಿ ಬರೆದುಕೊಂಡ ಮೇಲೆ ಒಂದು ಉದ್ದನೆಯ ಗೀಟನ್ನು ತೋರಿಸಿದ.

"ಇಲ್ಲಿ ತಳದಲ್ಲಿ ಸೊನ್ನೆ, ಅಂದ್ರೆ ಇದಕ್ಕಿಂತ ಕೆಟ್ಟ ಆರೋಗ್ಯ ಇಲ್ಲ. ಮೇಲೆ ನೂರು, ಇದಕ್ಕಿಂತ ಒಳ್ಳೇದಿಲ್ಲ. ಇವತ್ತು ನೀವು ಎಲ್ಲಿದ್ದೀರಿ, ಬೆರಳಿಟ್ಟು ತೋರಿಸಿ ಖಾಲ್ತಿ."

ಯಾಮ್ನಾ ಗೀಟನ್ನು ಬಹಳ ಹೊತ್ತು ನೋಡಿದಳು. "ಕೂತಾಗಿನ್ದು ತೋರಿಸ್ಲಾ, ನಿಂತಾಗಿನ್ದಾ?"

"ಇವತ್ತು ಹೇಗಿದೆಯೋ ಹಾಗೆ."

ಅವಳು ನಡುವಿಗಿಂತ ತುಸು ಮೇಲೆ ಬೆರಳಿಟ್ಟಳು. ತಾಮುವಿಗೆ ಆಶ್ಚರ್ಯವಾಯಿತು. ಅವಳಿನ್ನೂ ಕೆಳಗೆ ತೋರಿಸುತ್ತಾಳೆ ಎಂದುಕೊಂಡಿದ್ದಳು.

"ಮನೇಲಿ ನೋಡ್ಕೊಳ್ಳೋರು ಯಾರು?" ಮುನೀರ್ ಕೇಳಿದ.

"ನಾನು," ಎಂದಳು ತಾಮು.

"ತಂಗಿನಾ?"

"ಸವತಿ."

ಅವನ ಪೆನ್ನು ನಿಂತಿತು. ಆಮೇಲೆ ಏನೋ ಬರೆದುಕೊಂಡ. "ದಿನಕ್ಕೆ ಎಷ್ಟು ಹೊತ್ತು ಇದಕ್ಕೆ ಹೋಗುತ್ತೆ ಅಂತ ಅಂದಾಜಿದೆಯಾ? ನಿಮ್ಮ ಬದಲು ಯಾರನ್ನಾದ್ರೂ ಸಂಬಳಕ್ಕೆ ಇಟ್ಕೊಂಡ್ರೆ ಎಷ್ಟಾಗಬಹುದು?"

"ಇವಳ ಬಾಯಿಗೆ ಹೆದರಿ ಸಂಬಳಕ್ಕೆ ಯಾರೂ ಬರಲ್ಲ ಸ್ವಾಮಿ."

"ಬರ್ತಾರೆ ಅಂತ ಇಟ್ಕೊಳ್ಳಿ. ನಾವು ಮನೆಗೆಲಸದವರ ಕೂಲಿ ಹಿಡಿದು ನಿಮ್ಮ ಕೆಲಸಕ್ಕೂ ಒಂದು ಬೆಲೆ ಹಾಕ್ತೀವಿ. ಅದನ್ನ ಬಿಟ್ಟು ಪ್ಲಾಸ್ಟರ್ ಅಗ್ಗ ಅಂತ ಹೇಳಿದ್ರೆ ತಪ್ಪಾಗುತ್ತೆ."

ತಾಮು ಕೇಳಿದಳು, "ಆ ದುಡ್ಡು ಯಾರಿಗೆ ಕೊಡ್ತೀರಿ?"

"ಕೊಡಲ್ಲಮ್ಮ. ಲೆಕ್ಕಕ್ಕೆ ಮಾತ್ರ."

ಅವನು ಅದನ್ನು ಹೇಳುವಾಗ ತಲೆ ತಗ್ಗಿಸಿದ್ದರಿಂದ ತಾಮುವಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ತನ್ನ ಕೆಲಸಕ್ಕೆ ಒಂದು ಬೆಲೆಯಿದೆ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ಮನೆಗೆ ಗಾಡಿ ತಳ್ಳುವಾಗ ಆ ಮಾತನ್ನು ಮನಸ್ಸಿನಲ್ಲಿ ಒಂದೆರಡು ಸಲ ತಿರುಗಿಸಿ ನೋಡಿದಳು. ಆಮೇಲೆ ಏರು ದಾರಿ ಬಂತು, ಮರೆತಳು.

ನಾಲ್ಕನೆಯ ತಿಂಗಳಲ್ಲಿ ಹುಣ್ಣು ಮುಚ್ಚಿತು. ಅಂಗಾಲಿನಲ್ಲಿ ತಿಳಿಗುಲಾಬಿ ಬಣ್ಣದ, ಎಳೆಮಗುವಿನದಂಥ ಚರ್ಮ ಬಂದಿತ್ತು. ಡಾಕ್ಟರ್ ವಿಸಾಲ್ ಸಂತೋಷದಿಂದ ಮೆತ್ತನೆಯ ಅಟ್ಟೆಯ ಅಗಲ ಬೂಟು ಕೊಡಿಸಿ, "ಇನ್ನು ಬರಿಗಾಲು ಅನ್ನೋದನ್ನ ಮರೆತುಬಿಡಿ ಖಾಲ್ತಿ. ಹಮ್ಮಾಮು ಸಾಕು. ಒಂದು ಸಲ ಆದವರಿಗೆ ಮತ್ತೆ ಆಗುತ್ತೆ. ದಿನಾ ಸಂಜೆ ಎರಡೂ ಪಾದ ನೋಡ್ಕೊಳ್ಳಬೇಕು," ಎಂದರು.

ಯಾಮ್ನಾ ಹೂಂಗುಟ್ಟಿದಳು, ಮರುದಿನವೇ ಹಮ್ಮಾಮಿಗೆ ಹೋದಳು. ಲಾಲ್ಲಾ ಘೀತಾ ಅವಳನ್ನು ಹೊಸಿಲಲ್ಲೇ ತಡೆದಳು. ಒಳಗೆ ಬಿದ್ದು ಕಾಲು ಸುಟ್ಟುಕೊಂಡರೆ ಜವಾಬು ಹೇಳುವವರು ಯಾರು ಎಂದಳು. ಅಷ್ಟರಲ್ಲಿ ಯಾಮ್ನಾಳ ಬಹಳ ದಿನದ ಗಿರಾಕಿಯೊಬ್ಬಳು ಟವಲ್ಲು ಸುತ್ತಿಕೊಂಡು ಬಂದು, ಕುಶಲ ಕೇಳಿ, ಕೆನ್ನೆಗೆ ಮುತ್ತಿಟ್ಟು, ಒಳಕ್ಕೆ ತಿರುಗಿ ಕೂಗಿದಳು: "ತಾಮು, ನನ್ನ ಸರದಿ ಬಂತಾ?"

ಅವತ್ತು ಸಂಜೆ ಯಾಮ್ನಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಾಮು ಸೂಜಿ ತಂದಾಗ ಅವಳು ತಿರುಗದೆಯೇ ಹೇಳಿದಳು, "ಮೊದಲು ಗಂಡನ್ನ ತಗೊಂಡೆ. ಈಗ ಕೈಗವುಸೂ ತಗೊಂಡೆ."

ತಾಮು ಸೂಜಿ ಚುಚ್ಚಿ, ಬಟ್ಟೆ ಮಡಿಸಿ, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ವಾರವಿಡೀ ಇಬ್ಬರೂ ಮಾತು ಬಿಟ್ಟರು. ಪಾದ ನೋಡುವುದನ್ನು ಮಾತ್ರ ತಾಮು ಬಿಡಲಿಲ್ಲ. ಮೂಕರ ಹಾಗೆ ಒಬ್ಬಳು ಕಾಲು ನೀಡುತ್ತಿದ್ದಳು, ಇನ್ನೊಬ್ಬಳು ದೀಪದ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕ್ರಮೇಣ ಮಾತು ಮರಳಿತು, ಬೈಗುಳದ ರೂಪದಲ್ಲೇ. ಯಾಮ್ನಾ ಮನೆಯಲ್ಲಿ ಕೂತು ರೊಟ್ಟಿ ಲಟ್ಟಿಸಿ ಕೊಡತೊಡಗಿದಳು. ತಾಮು ಬೆಳಿಗ್ಗೆ ರೊಟ್ಟಿ ಮಾರಿ ಹಮ್ಮಾಮಿಗೆ ಹೋಗುತ್ತಿದ್ದಳು. ಭುಜ ಮೇಲೆತ್ತಲು ಆಗದ ದಿನಗಳಲ್ಲಿ ಎಡಗೈಯಿಂದ ಉಜ್ಜುವುದನ್ನು ಕಲಿತಳು. ಸೋತು ಬಂದು ಬಿದ್ದುಕೊಂಡ ಸಂಜೆಗಳಲ್ಲಿ, "ಇವತ್ತು ನಾನೇ ಕನ್ನಡಿ ಇಟ್ಕೊಂಡು ನೋಡ್ಕೊಂಡೆ. ಏನಿಲ್ಲ, ಮಲಕ್ಕೋ," ಎಂದು ಯಾಮ್ನಾ ಹೇಳುತ್ತಿದ್ದಳು. ತಾಮು ನಂಬುತ್ತಿದ್ದಳು. ನಂಬುವುದು ಏಳುವುದಕ್ಕಿಂತ ಸುಲಭವಾಗಿತ್ತು.

ಆ ಚಳಿಗಾಲದಲ್ಲಿ ಮಳೆ ಬಿಡದೆ ಹಿಡಿಯಿತು. ಕೋಣೆಯಲ್ಲಿ ಇದ್ದಿಲ ಒಲೆ ಇಟ್ಟುಕೊಂಡು ಕೂರುತ್ತಿದ್ದರು. ಒಂದು ದಿನ ತಾಮು ಬಾಗಿಲು ತೆರೆದಾಗ ಇದ್ದಿಲ ಹೊಗೆಯ ಕೆಳಗೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಅವಳಿಗೆ ಗುರುತಿತ್ತು.

"ಬೂಟು ಬಿಚ್ಚು."

"ಚಳಿ ಕಣೇ."

ತಾಮು ತಾನೇ ಎಳೆದು ಬಿಚ್ಚಿದಳು. ಈ ಸಲ ಇನ್ನೊಂದು ಕಾಲು. ಕಿರುಬೆರಳೂ ಅದರ ಪಕ್ಕದ್ದೂ ಇದ್ದಿಲಿನ ಬಣ್ಣಕ್ಕೆ ತಿರುಗಿದ್ದವು.

"ಯಾವಾಗಿಂದ?"

"ಒಲೆ ಹತ್ರ ಕಾಲಿಟ್ಟು ನಿದ್ದೆ ಹೋಗಿದ್ದೆ. ಎರಡು ಮೂರು ವಾರ ಆಯ್ತೇನೋ."

"ಯಾಕೆ ಹೇಳಲಿಲ್ಲ?"

ಯಾಮ್ನಾ ಕಾಲನ್ನು ಹಿಂದಕ್ಕೆ ಎಳೆದುಕೊಂಡು ಸಿಡುಕಿನಿಂದ ಹೇಳಿದಳು, "ಹೇಳಿದ್ರೆ ಮತ್ತೆ ಬಕೆಟ್ಟು, ಮತ್ತೆ ಗಾಡಿ. ನಿನ್ನ ಭುಜ ನೋಡ್ತಾ ಇದ್ದೀನಲ್ಲ. ತಾನೇ ವಾಸಿಯಾಗುತ್ತೇನೋ ಅಂತ ಕಾದೆ."

ತಾಮುವಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಇವಳು ನನ್ನನ್ನು ದೂರಿದ್ದರೆ ತಡೆದುಕೊಳ್ಳಬಹುದಿತ್ತು, ಕರುಣೆ ತೋರಿಸಿದ್ದಾಳಲ್ಲ, ಇದನ್ನು ಏನು ಮಾಡಲಿ ಎಂದು ಅವಳಿಗೆ ತೋಚಲಿಲ್ಲ.

ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಬೇಗ ಬಂದಿದ್ದರೆ ಬರಿ ಡ್ರೆಸ್ಸಿಂಗಿನಲ್ಲಿ ಮುಗಿಯುತ್ತಿತ್ತು ಎಂದು ಡಾಕ್ಟರ್ ವಿಸಾಲ್ ಬೇಸರದಿಂದ ಹೇಳಿದರು. ಶಸ್ತ್ರಚಿಕಿತ್ಸೆಯ ದಿನ ಬೂಶ್ತಾ ಬಂದು ತಾಯಿಯ ಹಾಸಿಗೆಯ ಪಕ್ಕ ಕೂತ. ತಾಮು ಒಗೆದ ಬಟ್ಟೆಯ ಚೀಲವನ್ನು ಅವನ ಕೈಗಿತ್ತು, "ನಾನು ಅಜ್ರೂಗೆ ಹೋಗ್ತೀನಿ," ಎಂದಳು.

"ಯಾವಾಗ ಬರ್ತೀಯ ಖಾಲ್ತಿ?"

"ಗೊತ್ತಿಲ್ಲ ಮಗನೇ."

ಬೂಶ್ತಾ ಚೀಲವನ್ನು ಹಾಸಿಗೆಯ ಕೆಳಗಿಟ್ಟ.

ಅಣ್ಣನ ಮನೆಯಲ್ಲಿ ತಾಮು ಎಡೆಬಿಡದೆ ಮಲಗಿದಳು. ಎದ್ದಾಗ ಅತ್ತಿಗೆ ಮಜ್ಜಿಗೆ, ರೊಟ್ಟಿ ತಂದಿಡುತ್ತಿದ್ದಳು. ಅವಳು ತಿಂದು ಮತ್ತೆ ಮಲಗುತ್ತಿದ್ದಳು. ಹೊರಗೆ ದೇವದಾರು ಮರಗಳ ಮೇಲೆ ಹಿಮ ಬಿದ್ದಿತ್ತು. ಅಣ್ಣ ಒಲೆಯ ಬಳಿ ಕೂತು, "ಇಲ್ಲೇ ಇದ್ದುಬಿಡೇ. ಅವನು ಸತ್ತ ಮೇಲೆ ಆ ಹೆಂಗಸು ನಿನಗೆ ಏನಾಗಬೇಕು?" ಎಂದ.

"ಏನೂ ಆಗಬೇಕಿಲ್ಲ," ಎಂದಳು ತಾಮು. ನಿಜವನ್ನೇ ಹೇಳಿದ್ದಳು. ಆ ಸಂಬಂಧಕ್ಕೆ ಅವಳಿಗೆ ಬೇರೆ ಹೆಸರು ಹೊಳೆಯಲಿಲ್ಲ.

ವಾರ ಕಳೆಯುವುದರೊಳಗೆ ಬೆಟ್ಟದಿಂದ ಇಳಿಯುವ ಬಾಡಿಗೆ ಕಾರಿನಲ್ಲಿ ಇಕ್ಕಟ್ಟಾಗಿ ಕೂತು ಹೊರಟಳು. ಯಾರೂ ಕರೆ ಮಾಡಿರಲಿಲ್ಲ, ಯಾರೂ ಕರೆದಿರಲೂ ಇಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಯಾಮ್ನಾ ಪಕ್ಕದ ಹಾಸಿಗೆಯವಳಿಗೆ ಉಜ್ಜುವ ಕೈಗವುಸು ಹಿಡಿಯುವ ರೀತಿಯನ್ನು ಹೇಳಿಕೊಡುತ್ತಿದ್ದಳು. ತಾಮುವನ್ನು ಕಂಡು ಮಾತು ನಿಲ್ಲಿಸಿದಳು.

"ಬಂದ್ಯಾ."

"ಬಂದೆ."

"ದಪ್ಪ ಆಗಿದ್ದೀಯ."

"ಮಲಗಿದ್ದೆ ಲಾಲ್ಲಾ. ಬರಿ ಮಲಗಿದ್ದೆ."

ಯಾಮ್ನಾ ಹೊದಿಕೆಯ ಕೆಳಗೆ ಕಾಲು ಸರಿಸಿ ಹಾಸಿಗೆಯ ಅಂಚಿನಲ್ಲಿ ಜಾಗ ಮಾಡಿಕೊಟ್ಟಳು. ತಾಮು ಕೂತಳು. ಆಮೇಲೆ ಯಾಮ್ನಾ ಹೇಳಿದಳು, "ಕೆಳಗಡೆ ಮನೆ ನೋಡೋಣ. ಮೆಟ್ಟಿಲು ಬೇಡ. ಬೂಶ್ತಾಗೆ ಹೇಳಿದ್ದೀನಿ."

ವಸಂತದ ಹೊತ್ತಿಗೆ ಅವರು ಅದೇ ಓಣಿಯ ನೆಲಮಹಡಿಯ ಒಂದೇ ಕೋಣೆಗೆ ಬಂದರು. ಬೆಳಕು ಕಡಿಮೆ, ಗೋಡೆಗೆ ತೇವ. ತಾಮು ಈಗ ಹಮ್ಮಾಮಿಗೆ ಮಧ್ಯಾಹ್ನದವರೆಗೆ ಮಾತ್ರ ಹೋಗುತ್ತಾಳೆ, ಅದಕ್ಕಿಂತ ಹೆಚ್ಚಿಗೆ ಭುಜ ಒಪ್ಪುವುದಿಲ್ಲ. ಗಳಿಕೆಯೂ ಅರ್ಧಕ್ಕಿಳಿದಿದೆ. ಯಾಮ್ನಾ ಬಾಗಿಲ ಬಳಿ ಅಗಲ ಬೂಟು ಹಾಕಿಕೊಂಡು ಕೂತು ರೊಟ್ಟಿ ಸುಡುತ್ತಾಳೆ, ಹೋಗಿಬರುವವರನ್ನು ಬೈದು ಕರೆದು ಮಾರುತ್ತಾಳೆ. ಚಹಾಕ್ಕೆ ಸಕ್ಕರೆ ಈಗಲೂ ಕದ್ದು ಹಾಕಿಕೊಳ್ಳುತ್ತಾಳೆ. ಸಂಜೆ ತಾಮು ಎಷ್ಟೇ ಸೋತಿದ್ದರೂ ಕನ್ನಡಿಯ ಮಾತನ್ನು ನಂಬುವುದಿಲ್ಲ. ತಗ್ಗು ಮಣೆ ಎಳೆದುಕೊಂಡು ಕೂತು, ಮೊದಲು ಒಂದು ಪಾದದ ಉಳಿದ ಮೂರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸಂದುಗಳನ್ನು ಒರೆಸಿ, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾಳೆ.

"ಮುಗೀತಾ?" ಎನ್ನುತ್ತಾಳೆ ಯಾಮ್ನಾ ಆಕಳಿಸುತ್ತ.

"ಇನ್ನೊಂದು ಕೊಡು," ಎನ್ನುತ್ತಾಳೆ ತಾಮು.